ಸಭೆ, ಉಪನ್ಯಾಸಗಳನ್ನು ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡುವುದು ಹೇಗೆ: ಮೈಕ್ ಇಡುವುದರಿಂದ ಫೈಲ್ ಹಂಚುವವರೆಗೆ

ಡೇರಿ ಸಂಘದ ವಾರ್ಷಿಕ ಸಭೆ, ತಾಲ್ಲೂಕು ಸಾಹಿತ್ಯ ಗೋಷ್ಠಿ, ಶಾಲೆಯ ಎಸ್‌ಡಿಎಂಸಿ ಸಭೆ, ಗ್ರಂಥಾಲಯದಲ್ಲಿ ನಡೆಯುವ ಉಪನ್ಯಾಸ, ಎಲ್ಲಿಂದ ಬಂದರೂ ದೂರು ಒಂದೇ: ‘ಎರಡು ಗಂಟೆ ರೆಕಾರ್ಡ್ ಆಗಿದೆ, ಆದರೆ ಫ್ಯಾನ್ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ.’ ಸಾಫ್ಟ್‌ವೇರ್ ಬದಲಾಯಿಸುತ್ತಾರೆ, ಬೇರೆ ಲ್ಯಾಪ್‌ಟಾಪ್ ತರುತ್ತಾರೆ, ಮುಂದಿನ ಸಭೆಯಲ್ಲೂ ಅದೇ ಪಾಡು. ಎಡವಟ್ಟಾಗುವುದು ರೆಕಾರ್ಡ್ ಬಟನ್ ಒತ್ತುವುದಕ್ಕೆ ಮುಂಚೆ. ಒಂದೋ ಮೈಕ್ ಬಾಯಿಂದ ದೂರ ಇರುತ್ತದೆ, ಇಲ್ಲವೇ ಒಳ್ಳೆಯ ಮೈಕ್ ಸಿಕ್ಕಿಸಿದ್ದರೂ ಕಂಪ್ಯೂಟರ್ ಅದನ್ನು ಬಿಟ್ಟು ತನ್ನೊಳಗಿನ ಮೈಕಿನಿಂದಲೇ ಧ್ವನಿ ತೆಗೆದುಕೊಳ್ಳುತ್ತಿರುತ್ತದೆ. ಹಾಗಾಗಿ ಇಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಭೆ ಶುರುವಾಗುವುದಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಇದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಹಂತ 1: ಧ್ವನಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು?

ಮೊದಲು ಇದನ್ನು ತೀರ್ಮಾನಿಸಿ. ಸಾಮಾನು ಆಮೇಲೆ.

ಒಬ್ಬರೇ ಪೋಡಿಯಂನಲ್ಲಿ ನಿಂತು ಮಾತಾಡುವ ಉಪನ್ಯಾಸವಾದರೆ ಕಾಲರ್ ಮೈಕ್ ಸಾಕು. ಗಲ್ಲದಿಂದ ಒಂದು ಗೇಣು ಕೆಳಗೆ, ಶಾಲು ಅಥವಾ ಹಾರ ಉಜ್ಜದ ಕಡೆ ಸಿಕ್ಕಿಸಿ. ಸನ್ಮಾನ ಇರುವ ಕಾರ್ಯಕ್ರಮದಲ್ಲಿ ಸನ್ಮಾನ ಮುಗಿದ ಮೇಲೆ ಮೈಕ್ ಹಾಕಿ. ರೇಷ್ಮೆ ಶಾಲು ಮೈಕಿಗೆ ಉಜ್ಜುತ್ತಿದ್ದರೆ ಭಾಷಣದುದ್ದಕ್ಕೂ ಕರಕರ ಸದ್ದು ಬರುತ್ತದೆ.

ಮೇಜಿನ ಸುತ್ತ ಆರೆಂಟು ಜನ ಕೂರುವ ಆಡಳಿತ ಮಂಡಳಿ ಸಭೆಗೆ, ಸುತ್ತಲಿನ ಧ್ವನಿಯನ್ನೂ ಹಿಡಿಯುವ ಯುಎಸ್‌ಬಿ ಮೈಕನ್ನು ಮೇಜಿನ ನಡುವೆ ಇಡಿ. ಯಾರೂ ಅದರಿಂದ ಮೂರು ನಾಲ್ಕು ಅಡಿಗಿಂತ ದೂರ ಕೂರಬಾರದು. ಮೈಕಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಟವೆಲ್ ಹಾಕಿ. ಇಲ್ಲದಿದ್ದರೆ ಟೀ ಲೋಟ ಇಟ್ಟಿದ್ದು, ನಡಾವಳಿ ಪುಸ್ತಕ ತಿರುವಿದ್ದು ಎಲ್ಲವೂ ಮಾತಿಗಿಂತ ಜೋರಾಗಿ ಕೇಳುತ್ತದೆ.

ನೂರಾರು ಜನ ಸೇರುವ ಸರ್ವಸದಸ್ಯರ ಸಭೆಯಲ್ಲಿ ಮೈಕ್ ಸೆಟ್ ಇದ್ದೇ ಇರುತ್ತದೆ. ಅಲ್ಲಿ ಆಂಪ್ಲಿಫೈಯರ್ ಅಥವಾ ಹಲವು ಮೈಕ್‌ಗಳ ಧ್ವನಿ ಕೂಡಿಸುವ ಮಿಕ್ಸರ್‌ನಿಂದಲೇ ಧ್ವನಿ ಎಳೆಯುವುದು ಒಳ್ಳೆಯದು. ಆದರೆ ಸಭಿಕರು ಕೂತಲ್ಲಿಂದ ಕೂಗಿ ಕೇಳಿದ ಪ್ರಶ್ನೆ ಅದರಲ್ಲಿ ಬರುವುದಿಲ್ಲ, ಉತ್ತರ ಮಾತ್ರ ಬರುತ್ತದೆ. ಆದ್ದರಿಂದ ಸಭಿಕರ ನಡುವೆ ಒಂದು ಕಾರ್ಡ್‌ಲೆಸ್ ಮೈಕ್ ಓಡಾಡಲಿ. ‘ಮೈಕ್ ಕೈಗೆ ಬಂದ ಮೇಲೆ ಹೆಸರು, ಊರು ಹೇಳಿ ಮಾತಾಡಿ’ ಎಂದು ಅಧ್ಯಕ್ಷರೇ ಹೇಳಿದರೆ ಜನ ಕೇಳುತ್ತಾರೆ.

ದೂರದ ಲೆಕ್ಕ ತಿಳಿದಿರಲಿ. ಬಾಯಿಗೂ ಮೈಕಿಗೂ ಇರುವ ದೂರ ಎರಡರಷ್ಟಾದರೆ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಅಡಿಯಲ್ಲಿದ್ದ ಮೈಕನ್ನು ಎಂಟು ಅಡಿಗೆ ಸರಿಸಿದರೆ 18 ಡೆಸಿಬಲ್ ಹೋಯಿತು. ಫ್ಯಾನ್ ಸದ್ದು, ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಎಲ್ಲಿಟ್ಟರೂ ಹೆಚ್ಚು ಕಡಿಮೆ ಅಷ್ಟೇ ಇರುತ್ತವೆ. ನಮ್ಮ ಸಮುದಾಯ ಭವನಗಳಲ್ಲಿ ಕೆಳಗೆ ಗ್ರಾನೈಟ್, ಮೇಲೆ ಶೀಟ್, ಕಿಟಕಿಗೆ ಪರದೆ ಇಲ್ಲ. ಅಲ್ಲಿ ಹತ್ತಿರದ ಮೈಕ್ ಬಿಟ್ಟರೆ ಬೇರೆ ಉಪಾಯವಿಲ್ಲ. ಮಳೆ ಶೀಟಿನ ಮೇಲೆ ಬೀಳತೊಡಗಿದರಂತೂ ಮೇಜಿನ ಮೈಕನ್ನು ಮರೆತು ಕೈಮೈಕ್ ಹಿಡಿಸಿ. ಶಿರಾ ಕಡೆ 48, ಮುಳಬಾಗಿಲು ಕಡೆ 75, ಬಾಗೇಪಲ್ಲಿ ಕಡೆ 44ನೇ ರಾಷ್ಟ್ರೀಯ ಹೆದ್ದಾರಿಗೆ ಅಂಟಿಕೊಂಡ ಸಭಾಂಗಣಗಳಲ್ಲಿ ರಸ್ತೆ ಬದಿಯ ಕಿಟಕಿ ಮುಚ್ಚಿ, ವೇದಿಕೆಯನ್ನು ಎದುರು ಗೋಡೆಗೆ ಹಾಕಿಸಿ.

ಹಂತ 2: ಬೇಕಾದ ಸಾಮಾನು

ಒಂದು ಲ್ಯಾಪ್‌ಟಾಪ್, ಮೈಕ್, ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕ್ ವೈರಿನ ಧ್ವನಿಯನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ), ಕಿವಿಯನ್ನು ಪೂರ್ತಿ ಮುಚ್ಚುವ ವೈರ್ ಇರುವ ಹೆಡ್‌ಫೋನ್, ಸೆಲ್ಲೋಟೇಪ್, ಎಕ್ಸ್‌ಟೆನ್ಶನ್ ಬೋರ್ಡ್. ಬ್ಲೂಟೂತ್ ಹೆಡ್‌ಫೋನ್ ಬೇಡ. ಅದನ್ನು ಜೋಡಿಸಿದ ಕೂಡಲೇ ಕಂಪ್ಯೂಟರ್ ಅದರ ಮೈಕನ್ನೇ ಹಿಡಿದುಕೊಳ್ಳಬಹುದು, ಆಗ ಧ್ವನಿ ಹಳೆಯ ಫೋನ್ ಕರೆಯಂತೆ ತೆಳ್ಳಗಾಗುತ್ತದೆ.

ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಲ್ಲದೆ ಹೊರಡಬೇಡಿ.

ಯುಎಸ್‌ಬಿ ವೈರ್ 5 ಮೀಟರ್‌ಗಿಂತ ಉದ್ದ ಇರಬಾರದು. ಉದ್ದ ವೈರ್‌ನಲ್ಲಿ ಮೈಕ್ ಆಗಾಗ ಬಿಟ್ಟು ಹಿಡಿಯುತ್ತದೆ. ವೇದಿಕೆ ದೂರ ಇದ್ದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರ್ ಎಳೆದು, ಇಂಟರ್‌ಫೇಸನ್ನು ಲ್ಯಾಪ್‌ಟಾಪ್ ಪಕ್ಕದಲ್ಲಿಡಿ. ಹೊರಗಿನಿಂದ ಕರೆಂಟ್ ಬೇಕಾಗುವ ಕಂಡೆನ್ಸರ್ ಮೈಕ್ ಆಗಿದ್ದರೆ ಇಂಟರ್‌ಫೇಸ್‌ನ 48 ವೋಲ್ಟ್ ಬಟನ್ ಒತ್ತಿರಬೇಕು. ‘ಮೈಕ್ ಕೆಟ್ಟಿದೆ’ ಎಂದು ವಾಪಸ್ ಕೊಡುವ ಮುಂಚೆ ಈ ಬಟನ್ ನೋಡಿ.

ಇನ್ನೊಂದು ತಪ್ಪು ಎಣಿಕೆ: ಎರಡು ಯುಎಸ್‌ಬಿ ಮೈಕ್ ತಂದು ಎರಡನ್ನೂ ಒಂದೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಎರಡೂ ರೆಕಾರ್ಡ್ ಆಗುತ್ತವೆ ಎಂದು ಜನ ಅಂದುಕೊಳ್ಳುತ್ತಾರೆ. ನಾವು ರೆಕಾರ್ಡಿಂಗಿಗೆ ಬಳಸುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಒಂದು ಸಲಕ್ಕೆ ಒಂದೇ ಇನ್‌ಪುಟ್ ಸಾಧನ ಆರಿಸಬಹುದು. ಎರಡು ಮೈಕ್ ಬೇಕಿದ್ದರೆ ಎರಡು ಇನ್‌ಪುಟ್ ಇರುವ ಒಂದೇ ಇಂಟರ್‌ಫೇಸ್ ತೆಗೆದುಕೊಳ್ಳಿ.

ಹಂತ 3: ಮೈಕ್ ಸೆಟ್ಟಿನಿಂದ ಧ್ವನಿ ಎಳೆಯುವುದು

ಮೈಕ್ ಸೆಟ್ ಬಳಸದಿದ್ದರೆ ಈ ಹಂತ ಬಿಡಿ. ಬಳಸುವುದಾದರೆ ಪೂರ್ತಿ ಓದಿ. ಸಾಮಾನು ಸುಟ್ಟುಹೋಗುವುದು ಇಲ್ಲೇ.

ಸೌಂಡ್ ಸೆಟ್ಟಿನವರ ಹತ್ತಿರ ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ ಹೋಗಿ, ‘ಅಣ್ಣ, ಲೈನ್ ಔಟ್ ಎಲ್ಲಿದೆ ತೋರಿಸಿ’ ಎಂದು ಕೇಳಿ. ಧ್ವನಿಯನ್ನು ಬೇರೆ ಯಂತ್ರಕ್ಕೆ ಕೊಡುವ ತೂತು ಅದು. ಮಿಕ್ಸರ್ ಇದ್ದರೆ ರೆಕ್ ಔಟ್ ಅಥವಾ ಆಕ್ಸ್ ಔಟ್ ಇರುತ್ತದೆ. ಬರೀ ಆಂಪ್ಲಿಫೈಯರ್ ಇದ್ದರೆ ಹಿಂಭಾಗದಲ್ಲಿ ಲೈನ್ ಔಟ್ ಹುಡುಕಿ. ರೆಕ್ ಔಟ್‌ನಲ್ಲಿ ಸಾಮಾನ್ಯವಾಗಿ ಕೆಂಪು-ಬಿಳಿ ಆರ್‌ಸಿಎ ತೂತುಗಳಿರುತ್ತವೆ, ಆಕ್ಸ್‌ನಲ್ಲಿ ಅಂಗಡಿಯವರು ಪಿ-38 ಎನ್ನುವ ದಪ್ಪ ಕಾಲಿಂಚಿನ ಪಿನ್ ಕೂರುತ್ತದೆ. ಎರಡು ಬಗೆಯ ವೈರನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಸಭೆಯ ದಿನ ಬೆಳಿಗ್ಗೆ ವೈರ್ ಹುಡುಕಿಕೊಂಡು ಪೇಟೆಗೆ ಓಡುವುದು ತಪ್ಪುತ್ತದೆ.

ಸ್ಪೀಕರ್ ಟರ್ಮಿನಲ್‌ನಿಂದ ಎಂದಿಗೂ ವೈರ್ ಎಳೆಯಬೇಡಿ. ಹಾರ್ನ್‌ಗಳಿಗೆ ಹೋಗುವ ಲೈನ್ ಎಷ್ಟೋ ಕಡೆ 70 ಅಥವಾ 100 ವೋಲ್ಟಿನದು. ಇಂಟರ್‌ಫೇಸ್ ಸುಡುತ್ತದೆ, ಲ್ಯಾಪ್‌ಟಾಪ್ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಲೈನ್ ಔಟನ್ನು ನೇರವಾಗಿ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ಹಾಕುವುದು ಎರಡನೇ ತಪ್ಪು. ಅಲ್ಲಿರುವುದು ಕೆಲವೇ ಮಿಲಿವೋಲ್ಟ್‌ಗೆ ತಯಾರಾದ ಮೈಕ್ ಇನ್‌ಪುಟ್. ಲೈನ್‌ನಿಂದ ಬರುವುದು ಅದರ ನೂರಾರು ಪಟ್ಟು. ವಾಲ್ಯೂಮ್ ಎಷ್ಟು ಇಳಿಸಿದರೂ ಧ್ವನಿ ಒಡೆದೇ ಬರುತ್ತದೆ. ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಹಾಕಿ, ಪಕ್ಕದ ಸ್ವಿಚ್ ಲೈನ್ ಕಡೆಗೇ ಇದೆಯೇ ನೋಡಿ. ಮೈಕ್ ಇನ್‌ಪುಟ್ ಮಾತ್ರ ಇರುವ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಆದರೆ, ನಡುವೆ 20ರಿಂದ 40 ಡೆಸಿಬಲ್ ತಗ್ಗಿಸುವ ಅಟೆನ್ಯುಯೇಟರ್ ವೈರ್ ಬೇಕು.

ಜೋಡಿಸಿದ ಕೂಡಲೇ ಹೆಡ್‌ಫೋನ್‌ನಲ್ಲಿ ‘ಗುಂಯ್’ ಎಂಬ ಸದ್ದು ಒಂದೇ ಸಮ ಕೇಳಿದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಆಂಪ್ಲಿಫೈಯರ್ ಒಂದು ಕಡೆ, ಲ್ಯಾಪ್‌ಟಾಪ್ ಇನ್ನೊಂದು ಕಡೆ ಅರ್ತ್ ಆಗಿ ನಡುವೆ 50 ಹರ್ಟ್ಜ್ ಕರೆಂಟ್ ಸುತ್ತುತ್ತಿದೆ. ಬ್ಯಾಟರಿಯಲ್ಲೇ ನಡೆಸಿ, ಅಥವಾ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಅದೂ ಆಗದಿದ್ದರೆ ವೈರ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಿ. ಅರ್ತ್ ಪಿನ್ ಕತ್ತರಿಸಿ ಸದ್ದು ನಿಲ್ಲಿಸುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ವೇದಿಕೆಯ ಮೈಕ್ ಮುಟ್ಟಿದವರ ಜೀವಕ್ಕೇ ಅಪಾಯ.

ಹಂತ 4: ಕಂಪ್ಯೂಟರ್ ಸಜ್ಜು ಮಾಡುವುದು

ವಿಂಡೋಸ್ ಇರುವವರು ಹಿಂದಿನ ರಾತ್ರಿಯೇ ಅಪ್‌ಡೇಟ್ ಮುಗಿಸಿ, ಮುಂದಿನದನ್ನು ಒಂದು ವಾರ ತಡೆಹಿಡಿಯಿರಿ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಎಂದಿಡಿ. ಬ್ಯಾಟರಿಗೂ ಪ್ಲಗ್ಗಿಗೂ ಬೇರೆ ಬೇರೆ ಸಾಲು ಇರುತ್ತದೆ, ಎರಡನ್ನೂ ಬದಲಾಯಿಸಿ. ಮುಚ್ಚಳ ಹಾಕಿದರೆ ‘ಡೂ ನಥಿಂಗ್’ ಇರಲಿ. ಯಾರೋ ವೇದಿಕೆಗೆ ಹೋಗುವಾಗ ಲ್ಯಾಪ್‌ಟಾಪ್ ಮುಚ್ಚಿ ಜಾಗ ಮಾಡಿಕೊಟ್ಟು, ಅಲ್ಲಿಗೇ ರೆಕಾರ್ಡಿಂಗ್ ನಿಂತುಹೋಗುವುದು ಬಹಳ ಸಾಮಾನ್ಯ.

ಸೌಂಡ್ ಸೆಟ್ಟಿಂಗ್‌ನಲ್ಲಿ ನಿಮ್ಮ ಮೈಕ್ ಮೇಲೆ ಕ್ಲಿಕ್ ಮಾಡಿ, ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಒಬ್ಬರು ಹತ್ತಿರದಿಂದ ಮಾತಾಡುವ ವಿಡಿಯೊ ಕರೆಗೆ ಅದು ಸರಿ. ಸಭೆಯಲ್ಲಿ ದೂರದವರ ಮಾತನ್ನೇ ಗದ್ದಲ ಎಂದು ತಿಳಿದು ಅಳಿಸುತ್ತದೆ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಬಳಸಲು ಅನುಮತಿ ಇರಬೇಕು. ಇಲ್ಲದಿದ್ದರೆ ರೆಕಾರ್ಡಿಂಗ್ ಓಡುತ್ತದೆ, ಸ್ಕ್ರೀನಿನಲ್ಲಿ ಧ್ವನಿ ತೋರಿಸುವ ಗೆರೆ ಮಾತ್ರ ಸಪಾಟಾಗಿರುತ್ತದೆ.

ಮುಂದಿನ ಹಂತದ ಆಡಾಸಿಟಿ ಇಳಿಸಿಕೊಂಡಾದ ಮೇಲೆ, ಕೊನೆಗೆ ಏರ್‌ಪ್ಲೇನ್ ಮೋಡ್ ಹಾಕಿ.

ಹಂತ 5: ಆಡಾಸಿಟಿ ಸೆಟ್ಟಿಂಗ್

ಆಡಾಸಿಟಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಆವೃತ್ತಿಯಿಂದ ಆವೃತ್ತಿಗೆ ಮೆನು ಜಾಗ ಸ್ವಲ್ಪ ಬದಲಾಗುತ್ತದೆ, ಹೆಸರುಗಳು ಇವೇ.

ಮೈಕನ್ನು ಮೊದಲು ಸಿಕ್ಕಿಸಿ, ಆಮೇಲೆ ಆಡಾಸಿಟಿ ತೆರೆಯಿರಿ. ತೆರೆದ ಮೇಲೆ ಸಿಕ್ಕಿಸಿದರೆ ಪಟ್ಟಿಯಲ್ಲಿ ಕಾಣದೇ ಹೋಗಬಹುದು. ಆಗ ಆಡಿಯೊ ಸೆಟಪ್‌ನಲ್ಲಿ ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಒತ್ತಿ. ಅಲ್ಲೇ ರೆಕಾರ್ಡಿಂಗ್ ಡಿವೈಸ್‌ನಲ್ಲಿ ನಿಮ್ಮ ಮೈಕಿನ ಹೆಸರು ಆರಿಸಿ, ರೆಕಾರ್ಡಿಂಗ್ ಚಾನೆಲ್ಸ್ 1, ಅಂದರೆ ಮೋನೊ ಇಡಿ. ಮಾತಿಗೆ ಸ್ಟೀರಿಯೊ ಬೇಕಿಲ್ಲ, ಜಾಗ ಎರಡರಷ್ಟು ತಿನ್ನುತ್ತದೆ. ಎರಡು ಮೈಕ್ ಎರಡು ಇನ್‌ಪುಟ್‌ನಲ್ಲಿ ಇದ್ದಾಗ ಮಾತ್ರ 2 ಆರಿಸಿ. ಸ್ಯಾಂಪಲ್ ರೇಟ್ 44100 ಹರ್ಟ್ಜ್.

ಜಾಗದ ಲೆಕ್ಕ ಹೀಗಿದೆ. ಆಡಾಸಿಟಿ ಮಾಮೂಲಾಗಿ ಬಳಸುವ 32 ಬಿಟ್ ಮೋನೊದಲ್ಲಿ ಗಂಟೆಗೆ ಸುಮಾರು 635 ಎಂಬಿ. ಮೂರು ಗಂಟೆಯ ಸಭೆಗೆ 2 ಜಿಬಿ ಹತ್ತಿರ ಆಗುತ್ತದೆ. ಸಂಸ್ಕರಣೆಗೂ ಜಾಗ ಬೇಕಾದ್ದರಿಂದ 10 ಜಿಬಿ ಖಾಲಿ ಇಟ್ಟುಕೊಳ್ಳಿ. ಪ್ರಾಜೆಕ್ಟನ್ನು ಕಂಪ್ಯೂಟರ್‌ನ ಒಳಗಿನ ಡಿಸ್ಕ್‌ನಲ್ಲೇ ಮೊದಲು ಸೇವ್ ಮಾಡಿ, ಆಮೇಲೆ ರೆಕಾರ್ಡ್ ಶುರು ಮಾಡಿ. ಪೆನ್‌ಡ್ರೈವ್‌ಗೆ ನೇರವಾಗಿ ಬರೆಸಬೇಡಿ. ಅದು ನಿಧಾನ, ಮೇಲಾಗಿ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಹಂತ 6: ಉಗುರಿನ ಪರೀಕ್ಷೆ, ಲೆವೆಲ್ ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ.

ಮೇಲಿನ ರೆಕಾರ್ಡಿಂಗ್ ಮೀಟರ್ ಚಾಲೂ ಮಾಡಿ. ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮೀಟರ್‌ನ ಹಸಿರು ಪಟ್ಟಿ ಕೂಡಲೇ ಜಿಗಿಯಬೇಕು. ಈಗ ಲ್ಯಾಪ್‌ಟಾಪ್‌ನ ಸ್ಕ್ರೀನಿನ ಮೇಲಂಚನ್ನು, ಕ್ಯಾಮೆರಾ ಪಕ್ಕದಲ್ಲಿ, ಅಷ್ಟೇ ಮೆಲ್ಲಗೆ ಕೆರೆಯಿರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಳಮೈಕ್ ಕೀಬೋರ್ಡ್ ಪಕ್ಕ ಇರುತ್ತದೆ, ಅಲ್ಲೂ ಕೆರೆದು ನೋಡಿ. ಮೀಟರ್ ಇಲ್ಲಿ ಜಿಗಿದು ಮೈಕಿನ ಹತ್ತಿರ ಸುಮ್ಮನಿದ್ದರೆ, ಕಂಪ್ಯೂಟರ್ ತನ್ನ ಮೈಕನ್ನೇ ಬಳಸುತ್ತಿದೆ. ಹಂತ 5ಕ್ಕೆ ವಾಪಸ್ ಹೋಗಿ ಡಿವೈಸ್ ಬದಲಾಯಿಸಿ. ‘ಹಲೋ ಹಲೋ’ ಎಂದು ಪರೀಕ್ಷೆ ಮಾಡಿದರೆ ಈ ತಪ್ಪು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಎರಡೂ ಮೈಕಿಗೆ ನಿಮ್ಮ ಹಲೋ ಕೇಳುತ್ತದೆ.

ಆಮೇಲೆ ಲೆವೆಲ್. ಮಾತಾಡುವವರನ್ನೇ ಅವರ ಜಾಗದಲ್ಲಿ ನಿಲ್ಲಿಸಿ, ಇವತ್ತು ಏನು ಹೇಳಲಿದ್ದೀರಿ ಎಂದು ಎರಡು ನಿಮಿಷ ಮಾತಾಡಿಸಿ. ಮೈಕ್ ಪರೀಕ್ಷೆಗೆಂದು ಮಾತಾಡುವಾಗ ದನಿ ಸಣ್ಣದಿರುತ್ತದೆ, ವಿಷಯಕ್ಕೆ ಇಳಿದ ಮೇಲೆ ಏರುತ್ತದೆ. ಮೀಟರ್‌ನ ತುದಿ ಸಾಮಾನ್ಯ ಮಾತಿಗೆ −12 ಡೆಸಿಬಲ್‌ನ ಆಸುಪಾಸು ಬರಲಿ, ಜೋರಾದಾಗಲೂ −6 ದಾಟದಿರಲಿ. 0 ಮುಟ್ಟಿ ಕೆಂಪಾದರೆ ಆ ಮಾತು ಒಡೆಯಿತು, ಅದನ್ನು ಯಾವ ಎಫೆಕ್ಟೂ ಪೂರ್ತಿ ಸರಿಮಾಡಲಾರದು. ಕಡಿಮೆ ಆದದ್ದನ್ನು ಏರಿಸಬಹುದು. ಸಂಶಯ ಬಂದರೆ ಕಡಿಮೆಯ ಕಡೆಗೇ ಇರಿ.

ಈ ಎರಡು ನಿಮಿಷವನ್ನು ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ. ಮೀಟರ್ ಕುಣಿದರೆ ಸಾಲದು. ಗುಂಯ್‌ಗುಟ್ಟುವುದು, ಉಸಿರು ಬಡಿಯುವುದು, ಸಡಿಲ ಪಿನ್ನಿನ ಚಟಪಟ, ಇವೆಲ್ಲ ಕಿವಿಗೇ ಗೊತ್ತಾಗಬೇಕು.

ಹಂತ 7: ರೆಕಾರ್ಡಿಂಗ್ ನಡೆಯುವಾಗ

ಜನ ಕೂತು ಸುಮ್ಮನಾದ ಗಳಿಗೆಯಲ್ಲಿ ಆರ್ ಕೀಲಿ ಒತ್ತಿ, ಯಾರೂ ಮಾತಾಡದ ಹತ್ತು ಸೆಕೆಂಡ್ ಮೊದಲು ತುಂಬಿಸಿಕೊಳ್ಳಿ. ಫ್ಯಾನ್‌ಗಳು ಸಭೆಯಲ್ಲಿ ಓಡುವ ವೇಗದಲ್ಲೇ ಓಡುತ್ತಿರಲಿ. ಸದ್ದು ತೆಗೆಯುವಾಗ ಈ ಹತ್ತು ಸೆಕೆಂಡ್ ಬೇಕೇ ಬೇಕು.

‘ಈ ಸಭೆಯ ಧ್ವನಿಮುದ್ರಣ ಆಗುತ್ತಿದೆ’ ಎಂದು ಅಧ್ಯಕ್ಷರು ಮೊದಲೇ ಹೇಳಲಿ, ಆ ಮಾತೂ ರೆಕಾರ್ಡ್ ಆಗಲಿ. ಯಾರಾದರೂ ಮನೆ ವಿಷಯ, ಸಾಲದ ವಿಷಯ ಹೇಳಿಕೊಳ್ಳುವಾಗ ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಕದ್ದು ರೆಕಾರ್ಡ್ ಮಾಡಿದ ಸಂಗತಿ ಹೊರಬಿದ್ದರೆ ಮುಂದಿನ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ವಿಷಯ ಬದಲಾದಾಗಲೆಲ್ಲ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಆ ಜಾಗದಲ್ಲಿ ಒಂದು ಲೇಬಲ್ ಬೀಳುತ್ತದೆ, ‘ವಿಷಯ 4, ಲೆಕ್ಕಪತ್ರ’ ಎಂದು ಬರೆದು ಎಂಟರ್ ಒತ್ತಿ. ಲೇಬಲ್ ಬರೆಯುವುದು ಮುಗಿಯುವವರೆಗೆ ಬೇರೆ ಕೀಲಿ ಮುಟ್ಟಬೇಡಿ. ಎಂಟರ್ ಒತ್ತಿದ ಮೇಲೆ ಸ್ಪೇಸ್ ಬಾರ್ ತಾಗಿದರೆ ರೆಕಾರ್ಡಿಂಗ್ ನಿಲ್ಲುತ್ತದೆ. ನಿಂತೇಬಿಟ್ಟರೆ ಗಾಬರಿ ಬೇಡ, ಆರ್ ಒತ್ತಿದರೆ ಅದೇ ಟ್ರ್ಯಾಕಿನ ಕೊನೆಗೆ ಮುಂದುವರಿಯುತ್ತದೆ. ಠರಾವಿನ ಮೇಲೆ ತಕರಾರು ಬಂದಾಗ ಮೂರು ಗಂಟೆಯ ಫೈಲಿನಲ್ಲಿ ಆ ಜಾಗ ಹುಡುಕಲು ಈ ಲೇಬಲ್‌ಗಳೇ ದಾರಿ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಆದರೆ ಆಂಪ್ಲಿಫೈಯರ್ ಆರಿರುತ್ತದೆ. ಗೆರೆ ಸಪಾಟಾಗುತ್ತದೆ. ಸಭೆ ಮಾತ್ರ ಜನರೇಟರ್‌ಗೆ ಕಾಯದೆ ಮುಂದುವರಿಯುತ್ತದೆ. ಇದಕ್ಕೆಂದೇ ಒಂದು ಮೊಬೈಲನ್ನು ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ರೆಕಾರ್ಡರ್ ಚಾಲೂ ಮಾಡಿ, ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಬಟ್ಟೆ ಹಾಸಿ ಇಡಿ. ಗುಣಮಟ್ಟ ಕಡಿಮೆಯಾದರೂ ಮಾತು ಉಳಿಯುತ್ತದೆ.

ಹೆಡ್‌ಫೋನನ್ನು ಪೂರ್ತಿ ಹೊತ್ತು ಹಾಕಿರಲು ಆಗದಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಹಾಕಿ ಕೇಳಿ. ಕಾರ್ಡ್‌ಲೆಸ್ ಮೈಕಿನ ಸೆಲ್ ಇಳಿಯುತ್ತಿದ್ದರೆ ಮಾತು ನಡುನಡುವೆ ನುಂಗಿ ಬರುತ್ತದೆ. ಆಗಲೇ ಸೆಲ್ ಬದಲಾಯಿಸಿ.

ಹಂತ 8: ಮುಗಿದ ಕೂಡಲೇ

ನಿಲ್ಲಿಸಿ, ಸೇವ್ ಮಾಡಿ, ಅಲ್ಲೇ ಕೂತು ವೇವ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿ. ಎಕ್ಸ್‌ಪೋರ್ಟ್ ಮಾಡದೆ ಆಡಾಸಿಟಿಯ ಎಯುಪಿ3 ಫೈಲನ್ನೇ ಕಾರ್ಯದರ್ಶಿಗೆ ಕಳಿಸಿ ‘ತೆರೆಯುತ್ತಿಲ್ಲ’ ಅನ್ನಿಸಿಕೊಳ್ಳುವುದು ಪದೇ ಪದೇ ಆಗುವ ತಪ್ಪು. ಅದು ಆಡಾಸಿಟಿ ಇಲ್ಲದ ಕಡೆ ತೆರೆಯುವುದಿಲ್ಲ. ಪೆನ್‌ಡ್ರೈವ್‌ಗೆ ಹಾಕಿದ ಮೂಲ ವೇವ್ ಪ್ರತಿಯನ್ನು ಮುಟ್ಟದೆ ಹಾಗೇ ಇಡಿ, ಮುಂದಿನ ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ.

ಹಂತ 9: ಸದ್ದು ತೆಗೆದು ಧ್ವನಿ ಸಮ ಮಾಡುವುದು

ಇಲ್ಲಿ ಕ್ರಮ ತಪ್ಪಿದರೆ ಫಲವೂ ತಪ್ಪುತ್ತದೆ. ಮೊದಲು ಆಡಾಸಿಟಿಯ ಎಫೆಕ್ಟ್ ಮೆನುವಿನ ಹೈ-ಪಾಸ್ ಫಿಲ್ಟರ್, 80ರಿಂದ 100 ಹರ್ಟ್ಜ್. ಮೇಜಿನ ದಡಬಡ, ಗಾಳಿಯ ಗುಡುಗು ಹೋಗುತ್ತವೆ. ಎರಡನೆಯದು ನಾಯ್ಸ್ ರಿಡಕ್ಷನ್: ಶುರುವಿನ ಹತ್ತು ಸೆಕೆಂಡ್ ಆರಿಸಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ, ಬಳಿಕ ಇಡೀ ಟ್ರ್ಯಾಕ್ ಆರಿಸಿ 6ರಿಂದ 8 ಡೆಸಿಬಲ್ ಕೊಟ್ಟು ಓಕೆ ಮಾಡಿ. 12 ಎಂದು ತೋರಿಸುತ್ತಿದ್ದರೆ ಅದಕ್ಕೇ ಬಿಡಬೇಡಿ, 20ಕ್ಕಂತೂ ಏರಿಸಲೇಬೇಡಿ. ಸ, ಶ, ಷ ಅಕ್ಷರಗಳು ಸವೆದು, ಮಾತು ನೀರೊಳಗಿಂದ ಬಂದಂತಾಗುತ್ತದೆ. ಸ್ವಲ್ಪ ಫ್ಯಾನ್ ಸದ್ದು ಉಳಿದರೆ ಉಳಿಯಲಿ, ಮಾತು ತಿಳಿಯಬೇಕು.

ಮೂರನೆಯದು ಕಂಪ್ರೆಸರ್. ಮೈಕ್ ನುಂಗುವಂತೆ ಮಾತಾಡುವವರಿಗೂ ಹಿಂಜರಿದು ಮಾತಾಡುವವರಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಶನ್, −16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ), ಮೋನೊವನ್ನು ಡ್ಯುಯಲ್ ಮೋನೊ ಎಂದು ಪರಿಗಣಿಸುವ ಚೌಕಕ್ಕೆ ಗುರುತು ಹಾಕಿ. ಕಂಪ್ರೆಸರನ್ನು ಸದ್ದು ತೆಗೆಯುವ ಮುಂಚೆ ಹಾಕಿದರೆ ಮಾತಿನ ನಡುವಿನ ಮೌನದಲ್ಲಿ ಫ್ಯಾನ್ ಸದ್ದು ಏರಿ ಇಳಿದು, ಆಮೇಲೆ ತೆಗೆಯಲು ಬರುವುದಿಲ್ಲ.

ಹಂಚಲು ಎಂಪಿ3, ಮೋನೊ, 64 ಕೆಬಿಪಿಎಸ್. ಗಂಟೆಗೆ 29 ಎಂಬಿ ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಆಡಿಯೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರು ವರ್ಷ-ತಿಂಗಳು-ದಿನ, ಸಭೆಯ ಹೆಸರು, ಊರು, ಈ ಕ್ರಮದಲ್ಲಿರಲಿ. ಹತ್ತು ವರ್ಷದ ಫೈಲುಗಳೂ ತಾವಾಗಿ ಸಾಲಾಗಿ ಕೂರುತ್ತವೆ.

ಹಂತ 10: ಆನ್‌ಲೈನ್ ಸಭೆಯಾದರೆ

ಜೂಮ್‌ನಲ್ಲಿ ಸಭೆ ಕರೆದವರು ನೀವೇ ಆದರೆ ‘ರೆಕಾರ್ಡ್ ಆನ್ ದಿಸ್ ಕಂಪ್ಯೂಟರ್’ ಒತ್ತಿ. ಮುಗಿದ ಮೇಲೆ ವಿಡಿಯೊ ಜೊತೆಗೆ ಬರೀ ಆಡಿಯೊ ಇರುವ ಎಂ4ಎ ಫೈಲೂ ಸಿಗುತ್ತದೆ. ಫೈಲ್ ತಯಾರಾಗುವವರೆಗೆ ಲ್ಯಾಪ್‌ಟಾಪ್ ಮುಚ್ಚಬೇಡಿ.

ಬೇರೆ ವೇದಿಕೆಗಳಲ್ಲಿ, ಎಲ್ಲರ ಒಪ್ಪಿಗೆ ಪಡೆದು, ಆಡಾಸಿಟಿಯಲ್ಲಿ ಹೋಸ್ಟ್ ಆಗಿ ವಿಂಡೋಸ್ ವಾಸಪಿ ಆರಿಸಿ, ಡಿವೈಸ್‌ನಲ್ಲಿ ‘ಲೂಪ್‌ಬ್ಯಾಕ್’ ಎಂದಿರುವುದನ್ನು ಹಿಡಿಯಿರಿ. ಇದರಲ್ಲಿ ಆಚೆ ಕಡೆಯವರ ದನಿ ಮಾತ್ರ ಬರುತ್ತದೆ, ನಿಮ್ಮ ದನಿ ಬರುವುದಿಲ್ಲ. ಎರಡೂ ಬೇಕಿದ್ದರೆ ಓಬಿಎಸ್ ಸ್ಟುಡಿಯೊ ಎಂಬ ಸಾಫ್ಟ್‌ವೇರ್‌ನಲ್ಲಿ ಡೆಸ್ಕ್‌ಟಾಪ್ ಆಡಿಯೊ ಒಂದು ಟ್ರ್ಯಾಕಿಗೆ, ಮೈಕ್ ಇನ್ನೊಂದಕ್ಕೆ ಹಾಕಿ. ಹೆಡ್‌ಫೋನ್ ಕಡ್ಡಾಯ. ಸ್ಪೀಕರ್ ಹಾಕಿದರೆ ಆಚೆಯವರ ಮಾತು ನಿಮ್ಮ ಮೈಕಿಗೂ ನುಗ್ಗಿ ಎರಡೆರಡು ಸಲ ಕೇಳುತ್ತದೆ.

ಹಂತ 11: ಬರಹಕ್ಕೆ ಇಳಿಸುವಾಗ

ಕನ್ನಡ ಮಾತನ್ನು ತಾನಾಗಿ ಬರಹಕ್ಕೆ ಇಳಿಸುವ ಸೌಲಭ್ಯಗಳು ಈಗ ಸಾಕಷ್ಟಿವೆ. ಆದರೆ ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದ ಸಭೆಗಳಲ್ಲಿ ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುವುದು ದಿನನಿತ್ಯದ ಸಂಗತಿ. ಭಾಷೆ ಕನ್ನಡ ಎಂದು ಕೊಟ್ಟಿದ್ದರೆ ಯಂತ್ರ ತೆಲುಗು ವಾಕ್ಯವನ್ನೂ ಕನ್ನಡ ಎಂದೇ ತಿಳಿದು ಅರ್ಥವಿಲ್ಲದ್ದನ್ನು ಬರೆಯುತ್ತದೆ. ತೆಲುಗಿಗೆ ಹೊರಳಿದ ಜಾಗಕ್ಕೂ ಒಂದು ಲೇಬಲ್ ಹಾಕಿ, ಆ ತುಂಡುಗಳನ್ನು ಬೇರೆ ಮಾಡಿ ಎಕ್ಸ್‌ಪೋರ್ಟ್ ಮಾಡಿ, ಎರಡೂ ಭಾಷೆ ಬಲ್ಲವರಿಂದ ಕೇಳಿಸಿ ಬರೆಸಿ. ಸರ್ವೆ ನಂಬರ್, ಹಣದ ಮೊತ್ತ, ಜನರ ಹೆಸರು ಈ ಮೂರನ್ನಂತೂ ಯಂತ್ರ ಬರೆದದ್ದನ್ನು ನಂಬದೆ, ಧ್ವನಿ ಕೇಳಿಯೇ ನಡಾವಳಿ ಪುಸ್ತಕಕ್ಕೆ ಏರಿಸಿ.